ಗುಡಿ ಕಂಡರೆ ಬಿಡುವ ಕಾಲು

ದೊಡ್ಡಬಸಪ್ಪನವರ ಬಲಗಾಲಿಗೆ ಒಂದು ಅಭ್ಯಾಸವಿತ್ತು. ಗುಡಿ ಕಂಡರೆ ಸಾಕು, ಅದು ತಾನಾಗಿ ಚಪ್ಪಲಿ ಬಿಡುತ್ತಿತ್ತು. ಸೈಕಲ್ಲಿನ ಮೇಲಿರಲಿ, ಮೋಟಾರ್ ಸೈಕಲ್ಲಿನ ಮೇಲಿರಲಿ, ಗಾಡಿ ನಿಲ್ಲಿಸುವ ಮಾತೇ ಇಲ್ಲ. ಓಡುತ್ತಿರುವಾಗಲೇ ಪಾದವನ್ನು ಚಪ್ಪಲಿಯಿಂದ ಮೇಲಕ್ಕೆತ್ತಿ, ಬಲಗೈಯನ್ನು ಎದೆಗೊಂದು ಸಲ, ತುಟಿಗೊಂದು ಸಲ ಮುಟ್ಟಿಸಿ, ಪಾದವನ್ನು ಮತ್ತೆ ಚಪ್ಪಲಿಯೊಳಗೆ ತೂರಿಸಿ ಮುಂದೆ ಹೋಗುವುದು. ಚಪ್ಪಲಿ ಮೆಟ್ಟಿಕೊಂಡು ದೇವರ ಮುಂದೆ ಹಾದುಹೋಗಬಾರದು, ಹಾಗಂತ ಪ್ರತಿ ಗುಡಿಗೂ ಇಳಿಯುತ್ತ ಕೂತರೆ ನಮ್ಮ ಹೊಸಪೇಟೆ ಕಡೆ ಯಾರೂ ಊರು ಮುಟ್ಟುವುದಿಲ್ಲ. ಅದಕ್ಕೇ ಈ ಒಪ್ಪಂದ. ದೇವರೂ ಇದುವರೆಗೆ ತಕರಾರು ಮಾಡಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಚಪ್ಪಲಿಯೂ ಪೆಡಲಿನಿಂದ ಜಾರಿ ಬಿದ್ದಿಲ್ಲ ಎಂದು ದೊಡ್ಡಬಸಪ್ಪನವರಿಗೆ ಒಳಗೊಳಗೇ ಜಂಬವೂ ಇತ್ತು.

ಇಂಥ ಕಾಲಿಗೆ ಮಗಳು ಬೂಟು ತಂದುಕೊಟ್ಟಳು.

ಅದಕ್ಕೆ ಕಾರಣ ಹೇಳಬೇಕು. ದೊಡ್ಡಬಸಪ್ಪನವರಿಗೆ ಕಂಪ್ಲಿಯಲ್ಲಿ ರೈಸ್ ಮಿಲ್ಲು, ಹೊಸಪೇಟೆಯಲ್ಲಿ ಮನೆ, ರಕ್ತದಲ್ಲಿ ಸಕ್ಕರೆ. ಮೂರನೆಯದು ಪತ್ತೆಯಾದ ದಿನ ಡಾಕ್ಟರು ಸೈಕಲ್ ಹೊಡೀರಿ ಅಂದರು. ಮಗಳು ಸ್ಫೂರ್ತಿ ಆಗಲೇ ಊರಿನ ಸೈಕಲ್ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವಳು. ಅಪ್ಪನನ್ನೂ ಎಳೆದುಕೊಂಡು ಹೋಗಿ ಸೇರಿಸಿದಳು. ಐವತ್ತೈದರ ವಯಸ್ಸಿನಲ್ಲಿ, ಆ ಹೊಟ್ಟೆಯ ಮೇಲೆ, ಮೈಗಂಟುವ ಹಳದಿ ಅಂಗಿ ಹಾಕಿಕೊಂಡು ಅವರು ಬೆಳಗಿನ ಐದೂವರೆಗೆ ಮನೆ ಬಿಡುವುದನ್ನು ನೋಡಿ ಹೆಂಡತಿ ಪಂಪಮ್ಮ ಮೊದಲ ದಿನ ಬಾಗಿಲು ಮುಚ್ಚಿಕೊಂಡು ನಕ್ಕಿದ್ದರು.

ಕ್ಲಬ್ಬಿನವರು ತಿಂಗಳಿಗೊಂದು ಭಾನುವಾರ ಸಂಡೂರು ದಾಟಿ, ಯಶವಂತನಗರ ದಾಟಿ, ಅದರಾಚೆಯ ಏರು ಹತ್ತಿ, ಮೇಲಿನ ಹನುಮಪ್ಪನ ಗುಡಿ ಮುಟ್ಟಿ ಬರುತ್ತಿದ್ದರು. ದೊಡ್ಡಬಸಪ್ಪ ಎರಡು ಸಲ ಹೋಗಿದ್ದರು. ಎರಡು ಸಲವೂ ಏರಿನ ನಡುವೆ, ಒಂದು ಹೊಂಗೆ ಮರದ ಹತ್ತಿರ, ಕಾಲು ನೆಲಕ್ಕೆ ಕೊಟ್ಟಿದ್ದರು. ಏರಿನಲ್ಲಿ ಒಮ್ಮೆ ಕಾಲು ಕೊಟ್ಟರೆ ಮುಗಿಯಿತು, ಮತ್ತೆ ಹತ್ತುವುದು ಆಗದ ಮಾತು. ಮೊದಲ ಸಲ ಮೈನಿಂಗ್ ಕಂಪನಿಯ ಬಸ್ಸಿನವರು ಪಾಪ ಅಂತ ಹತ್ತಿಸಿಕೊಂಡು ಕೆಳಗಿಳಿಸಿದರು. ಎರಡನೆಯ ಸಲ ಕ್ಲಬ್ಬಿನ ಹಿಂದೆ ನೀರು, ಬಾಳೆಹಣ್ಣು ಹೊತ್ತು ಬರುವ ಲಗೇಜ್ ಆಟೋದಲ್ಲಿ, ಬಾಳೆಗೊನೆಯ ಪಕ್ಕ ಕೂತು ವಾಪಸು ಬಂದರು. ಅಂದಿನಿಂದ ಕ್ಲಬ್ಬಿನಲ್ಲಿ ಅವರ ಹೆಸರು ಬಾಳೆಹಣ್ಣಿನ ಬಸಣ್ಣ ಎಂದಾಯಿತು.

ಕ್ಲಬ್ಬಿನ ಅಧ್ಯಕ್ಷ ಲಿಂಗರಾಜ್, ಟೈಲ್ಸ್ ಅಂಗಡಿಯವನು. ಅವನಿಗೆ ಸೈಕಲ್ ಹೊಡೆಯುವುದಕ್ಕಿಂತ ನಿಯಮ ಮಾಡುವುದು ಇಷ್ಟ. "ನೋಡ್ರಿ ಬಸಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೂರು ಸಲ ಅರ್ಧಕ್ಕ ನಿಂತವರು ಮುಂದ ಆಟೋದಾಗ ಕುಂತು ಹಣ್ಣು ಹಂಚಬೇಕು. ರೂಲ್ಸ್ ಅಂದ್ರ ರೂಲ್ಸ್" ಅಂದ. ಎಲ್ಲರೂ ನಕ್ಕರು. ದೊಡ್ಡಬಸಪ್ಪನವರೂ ನಕ್ಕರು, ಕಿವಿ ಮಾತ್ರ ಕೆಂಪಾಗಿತ್ತು. ಸ್ಫೂರ್ತಿ ಒಬ್ಬಳೇ ನಗಲಿಲ್ಲ.

"ಈ ಸಲ ಅಪ್ಪ ಹತ್ತತಾನ" ಅಂದಳು. "ಹತ್ತಲಿಲ್ಲಂದ್ರ ನಾನೂ ಸೈಕಲ್ ಬಿಟ್ಟು ಅವನ ಜೋಡಿ ಆಟೋದಾಗ ಕುಂದುರ್ತೀನಿ. ಒಂದು ದಿನ ಅಲ್ಲ, ಕಾಯಂ."

ಈ ಹುಡುಗಿ ಹೇಳಿದರೆ ಮಾಡುವವಳೇ ಎಂದು ದೊಡ್ಡಬಸಪ್ಪನವರಿಗೆ ಗೊತ್ತು. ಚಿಕ್ಕವಳಿದ್ದಾಗ ಕಂಪ್ಲಿಯ ಮಿಲ್ಲಿನಲ್ಲಿ, ಭತ್ತ ಒಣಗಿಸುವ ಕಟ್ಟೆಯ ಮೇಲೆ ಇವಳಿಗೆ ಸೈಕಲ್ ಕಲಿಸಿದ್ದು ಅವರೇ. "ಹಿಡಕಂಡೀನಿ, ನೀ ತುಳಿ" ಎಂದು ಕೂಗುತ್ತ ಸೀಟು ಹಿಡಿದು ಓಡಿ, ನಡುವೆ ಸದ್ದಿಲ್ಲದೆ ಕೈಬಿಟ್ಟು, ನಿಂತಲ್ಲೇ ನಿಂತು "ಹಿಡಕಂಡೀನಿ" ಎಂದು ಕೂಗುತ್ತಲೇ ಇದ್ದರು. ಕಟ್ಟೆಯ ಆ ತುದಿ ಮುಟ್ಟಿ ಹಿಂದೆ ತಿರುಗಿ ನೋಡಿದ ಹುಡುಗಿ, ಅಪ್ಪ ಅಷ್ಟು ದೂರ ನಿಂತಿರುವುದನ್ನು ಕಂಡು, "ಯಾವಾಗ ಬಿಟ್ಟಿ?" ಎಂದು ಕೇಳಿ, ಎರಡು ದಿನ ಮಾತು ಬಿಟ್ಟಿದ್ದಳು. ಆ ಎರಡು ದಿನ ಮಾತ್ರ ಸೈಕಲ್ಲಿನಿಂದ ಇಳಿದಿರಲಿಲ್ಲ. ಈಗ ಅದೇ ಸೈಕಲ್ಲನ್ನು ಅಪ್ಪನ ಕಾಲಿಗೆ ಕಟ್ಟಿ ಪಣಕ್ಕಿಟ್ಟಿದ್ದಳು.

ಕಾಲಿಗೆ ಕಟ್ಟಿ ಎಂದೆನಲ್ಲ, ಮುಂದೆ ಆದದ್ದೂ ಅದೇ.

ಏರಿನಲ್ಲಿ ಅಪ್ಪನ ಅರ್ಧ ಶಕ್ತಿ ಪೋಲಾಗುತ್ತಿದೆ, ಚಪ್ಪಲಿ ಪೆಡಲಿನ ಮೇಲೆ ಜಾರುತ್ತಿದೆ ಎಂಬುದು ಸ್ಫೂರ್ತಿಯ ತೀರ್ಮಾನ. ಇಬ್ಬರೂ ಕನಕರಾಜನ ಸೈಕಲ್ ಶಾಪಿಗೆ ಹೋದರು. ಕ್ಲಬ್ಬಿನ ಸೈಕಲ್ಲುಗಳನ್ನೆಲ್ಲ ನೋಡಿಕೊಳ್ಳುವವನು, ಭಾನುವಾರ ಬಾಳೆಹಣ್ಣಿನ ಆಟೋ ಓಡಿಸುವವನು ಈ ಕನಕರಾಜನೇ. ಅವನು ಕಟ್ಟೆಯ ಮೇಲೆ ಪೆಡಲುಗಳನ್ನು ಸಾಲಾಗಿ ಇಟ್ಟ.

"ಇದು ಸಾದಾ ಪೆಡಲ್. ಚಪ್ಪಲಿ, ಬೂಟು, ಬರಿಗಾಲು, ಏನರ ಇರ್ಲಿ ನಡೀತೈತಿ. ಇದಕ್ಕ ಮುಂದ ಪಂಜರ ಐತಿ ನೋಡ್ರಿ, ಬೆರಳು ತೂರಿಸಿ ಬೆಲ್ಟ್ ಎಳೀಬೇಕು. ಇದು ಕ್ಲಿಪ್ ಪೆಡಲ್. ಬೂಟಿನ ಅಡಿಗೆ ಒಂದು ಕೊಂಡಿ ಇರ್ತೈತಿ, ಪೆಡಲ್ ಮ್ಯಾಲ ಒತ್ತಿದ್ರ ಟಕ್ ಅಂತ ಹಿಡ್ಕಂಬಿಡ್ತೈತಿ. ಕಾಲು ಕೆಳಗ ಒತ್ತಿದ್ರೂ ಸೈಕಲ್ ಹೋಗತೈತಿ, ಮ್ಯಾಲ ಎಳೆದ್ರೂ ಹೋಗತೈತಿ."

"ಬಿಡಿಸ್ಕಣಾದು ಹೆಂಗ?" ಎಂದು ದೊಡ್ಡಬಸಪ್ಪ ಕೇಳಿದರು. ವ್ಯಾಪಾರಸ್ಥರು, ಒಳಗೆ ಹೋಗುವ ಮೊದಲು ಹೊರಗೆ ಬರುವ ದಾರಿ ಕೇಳುವವರು.

"ಹಿಮ್ಮಡಿ ಹೊರಗಡೆ ತಿರುವಬೇಕು. ಮ್ಯಾಲ ಎಳೆದ್ರ ಬರಾದಿಲ್ಲ. ತಿರುವಬೇಕು."

ಅಷ್ಟರಲ್ಲಿ ಲಿಂಗರಾಜ್ ಬಂದ. ಅವನ ಬೂಟಿನಡಿಯ ಕೊಂಡಿ ದೊಡ್ಡದು, ನಡೆದರೆ ಬಾತುಕೋಳಿಯ ನಡಿಗೆ. "ಏರು ಹತ್ತಬೇಕಂದ್ರ ಕ್ಲಿಪ್ಪೇ ಬೇಕು, ಅದರಾಗೂ ನನ್ನ ಬೂಟಿನಂಥದ್ದು" ಎಂದು ಅರ್ಧ ಗಂಟೆ ಉಪದೇಶ ಮಾಡಿ, ಇಳಿಯುವಾಗ ಶಾಪಿನ ಮೆಟ್ಟಿಲ ಮೇಲೆ ಜಾರಿ, ಗೋಡೆ ಹಿಡಿದುಕೊಂಡು ಹೋದ. ಕನಕರಾಜ್ ಅವನು ಹೋಗುವುದನ್ನೇ ನೋಡಿ, ದನಿ ತಗ್ಗಿಸಿ, "ಸಾವ್ಕಾರ್ರ, ನನ್ನ ಕೇಳಿದ್ರ ನಿಮಗ ಸಾದಾನೇ ಛಲೋ" ಅಂದ.

ಆದರೆ ಸ್ಫೂರ್ತಿ ಆಗಲೇ ತನ್ನ ಮೊದಲ ಸಂಬಳದಲ್ಲಿ ಬೂಟು ತಂದಾಗಿತ್ತು. ಕಪ್ಪು ಬೂಟು, ಮೇಲೆ ಎರಡು ಅಂಟುಪಟ್ಟಿ, ಅಡಿಗೆ ಸಣ್ಣ ಕಬ್ಬಿಣದ ಕೊಂಡಿ. ಡಬ್ಬ ತೆರೆದು ಕೊಡುವಾಗ ಹುಡುಗಿಯ ಮುಖ ಹೇಗಿತ್ತೆಂದರೆ, ದೊಡ್ಡಬಸಪ್ಪನವರಿಗೆ ಬೇಡ ಎನ್ನಲು ಬಾಯಿಯೇ ಬರಲಿಲ್ಲ. ಪೆಡಲ್ ಆರಿಸುವುದು ಅಲ್ಲಿಗೆ ಮುಗಿಯಿತು.

ಅಭ್ಯಾಸಕ್ಕೆ ಒಳ್ಳೆಯ ರಸ್ತೆ ಬೇಕಲ್ಲ. ಲಾರಿ ಕಡಿಮೆ, ಏರು ಕಡಿಮೆ, ನೆರಳು ಜಾಸ್ತಿ ಎಂದು ಲಿಂಗರಾಜ್ ಯೋಚನೆ ಮಾಡಿ ಮಾಡಿ ಒಂದು ರಸ್ತೆ ಹೇಳಿದ. ಹಂಪಿ ರಸ್ತೆ. ಜಗತ್ತಿನಲ್ಲಿ ಅಷ್ಟು ರಸ್ತೆಗಳಿದ್ದವು!

ಅನಂತಶಯನಗುಡಿ ಬಂತು. ಬಲಗೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಯಿತು, ಬಲಗಾಲು ಮೇಲಕ್ಕೆ ಎಳೆಯಿತು. ಬೂಟು ಬಿಡಲಿಲ್ಲ. ಕಾಲು ಇನ್ನೂ ಜೋರಾಗಿ ಎಳೆಯಿತು. ಪೆಡಲೂ ಬಿಡಲಿಲ್ಲ. ಕೈ ಎದೆಯ ಮೇಲಿತ್ತು, ತುಟಿಗೆ ಹೋಗಬೇಕಾದದ್ದು ನೆಲಕ್ಕೆ ಹೋಯಿತು. ದೊಡ್ಡಬಸಪ್ಪ ಸೈಕಲ್ ಸಮೇತ, ಗುಡಿಯ ಗೋಪುರದ ಎದುರು, ಉದ್ದಕ್ಕೆ ಮಲಗಿದರು. ಕಾಲು ಆಗಲೂ ಪೆಡಲಿಗೆ ಅಂಟಿಕೊಂಡೇ ಇತ್ತು.

ಅಲ್ಲಿ ಹೂ ಮಾರುತ್ತ ಕೂತಿದ್ದ ಎರ್ರೆಮ್ಮ ಎದ್ದು ಬಂದಳು. ಅವಳಿಗೆ ಇದು ಹೊಸದಲ್ಲ. ನೆಲಕ್ಕೆ ಉದ್ದಕ್ಕೆ ಬಿದ್ದು ಎದ್ದು, ಮತ್ತೆ ಬಿದ್ದು ದೀಡ ನಮಸ್ಕಾರ ಹಾಕುತ್ತ ಹೋಗುವ ಭಕ್ತರನ್ನು ಎಷ್ಟೋ ಕಂಡವಳು. ಸೈಕಲ್ ಮೇಲಿಂದ ಹಾಕುವುದು ಮಾತ್ರ ಇದೇ ಮೊದಲು. ದೊಡ್ಡಬಸಪ್ಪನವರ ಹಣೆಗೆ ಕುಂಕುಮ ಒತ್ತಿ, "ದೊಡ್ಡ ಹರಕಿನೇ ಇರಬೇಕು ಯಪ್ಪಾ. ಏನ್ ಹರಕಿ?" ಎಂದು ಕೇಳಿದಳು.

ಮಣ್ಣು ತಿಂದ ಬಾಯಲ್ಲಿ ಏನು ಹೇಳುವುದು? "ಐತಿ ಬಿಡಮ್ಮ" ಅಂದರು.

ಅಷ್ಟಕ್ಕೆ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಕಡ್ಡಿರಾಂಪುರ ದಾಟುವಷ್ಟರಲ್ಲಿ ಇನ್ನೊಂದು, ಕೃಷ್ಣನ ಗುಡಿಯ ಎದುರು ಇನ್ನೊಂದು, ಸಾಸಿವೆಕಾಳು ಗಣಪನ ಮುಂದೆ ಇನ್ನೊಂದು. ತಿರುವಬೇಕು, ಎಳೆಯಬಾರದು ಎಂದು ತಲೆಗೆ ಗೊತ್ತು. ಕಾಲಿಗೆ ಯಾರು ಹೇಳಬೇಕು? ವಿರೂಪಾಕ್ಷನ ಗೋಪುರ ಕಾಣಿಸಿದ ಕೂಡಲೇ ಸ್ಫೂರ್ತಿ ಹಿಂದಿನಿಂದ "ಅಪ್ಪಾ, ಬ್ಯಾಡ!" ಎಂದು ಕಿರುಚಿದಳು. ಪಂಪಾಪತಿಯ ಮುಂದೆ ಕಾಲು ಬಿಡಬ್ಯಾಡ ಎಂದರೆ ಕೇಳುವ ಕಾಲೇ ಅದು? ಐದನೆಯದೂ ಬಿತ್ತು. ಫೋಟೋ ತೆಗೆಯುತ್ತಿದ್ದ ಬೇರೆ ಊರಿನವರು ಇವರದೂ ಒಂದು ತೆಗೆದುಕೊಂಡರು.

ಸಂಜೆ ಹೊತ್ತಿಗೆ ಹೊಸಪೇಟೆ ತುಂಬ ಅದೇ ಮಾತು. ದೊಡ್ಡಬಸಪ್ಪ ಹಂಪಿಗೆ ದೀಡ ನಮಸ್ಕಾರ ಹಾಕುತ್ತ ಹೋದರಂತೆ, ಅದೂ ಸೈಕಲ್ ಮೇಲೆ. ಪಂಪಮ್ಮನವರಿಗೆ ಫೋನಿನ ಮೇಲೆ ಫೋನು. ಮಗಳ ಮದುವೆಯ ಹರಕೆಯೋ, ಮಿಲ್ಲಿನ ಹರಕೆಯೋ ಎಂದು ಕೇಳುವವರೇ ಕೇಳುವವರು. ಅವರು ಗಂಡನ ಮಂಡಿಗೆ ಅರಿಶಿನ ಹಚ್ಚುತ್ತ, "ಅಲ್ರಿ, ಊರಿಗೆಲ್ಲಾ ಗೊತ್ತಾಗಿರೋ ಹರಕಿ ನನಗ ಹೇಳಬಾರದಾ?" ಎಂದು ಗದರಿದರು.

ಮರುದಿನ ದೊಡ್ಡಬಸಪ್ಪ ಮುಖ ಮುಚ್ಚಿಕೊಂಡಂತೆ ಕನಕರಾಜನಲ್ಲಿಗೆ ಹೋದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಒಂದು ಉಪಾಯ ಮಾಡಿದ. ಕ್ಲಿಪ್ ಪೆಡಲಿನ ಹಿಂದೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಬಿಗಿ ಮಾಡಿದರೆ ಬೂಟನ್ನು ಬಿಗಿಯಾಗಿ ಹಿಡಿಯುತ್ತದೆ, ತಿರುವಿದರೂ ಸುಲಭಕ್ಕೆ ಬಿಡುವುದಿಲ್ಲ, ಸಡಿಲ ಮಾಡಿದರೆ ಹೇಗೆ ಎಳೆದರೂ ಬರುತ್ತದೆ. ಆರು ಮೂಲೆಯ ಪುಟ್ಟ ಕೀಲಿ ಹಾಕಿ ಎರಡೂ ಪೆಡಲುಗಳನ್ನು ಪೂರಾ ಸಡಿಲಿಸಿ, "ಇನ್ನ ಯಾ ದೇವರೂ ನಿಮ್ಮನ್ನ ಕೆಡವಾದಿಲ್ಲ, ಹೋಗ್ರಿ" ಅಂದ.

ನಿಜವಾಗಿಯೂ ಕೆಡವಲಿಲ್ಲ. ಮುಂದಿನ ವಾರವೆಲ್ಲ ಗುಡಿ ಬಂದಾಗ ಕಾಲು ಸಲೀಸಾಗಿ ಬಿಟ್ಟು ಬರುತ್ತಿತ್ತು. ದೊಡ್ಡಬಸಪ್ಪನವರಿಗೆ ಜೀವ ಬಂದಂತಾಯಿತು. ಸ್ಫೂರ್ತಿ ಮಾತ್ರ ಹಿಂದಿನಿಂದ ನೋಡುತ್ತಿದ್ದಳು. ಗುಡಿಗೆ ಬಿಡುವ ಕಾಲು ಸಣ್ಣ ದಿಬ್ಬಕ್ಕೂ ಬಿಡುತ್ತಿತ್ತು. ಸ್ವಲ್ಪ ಉಸಿರು ಕಟ್ಟಿದರೆ ಸಾಕು, ಟಕ್, ನೆಲಕ್ಕೆ.

ಆ ಭಾನುವಾರ ಬಂತು. ಹೊಸಪೇಟೆ ಬಿಟ್ಟು ಸಂಡೂರು ಮುಟ್ಟುವುದರೊಳಗೆ ಹದಿನಾರು ಗುಡಿ, ಹದಿನಾರಕ್ಕೂ ಸಲೀಸು ನಮಸ್ಕಾರ. ಯಶವಂತನಗರದಲ್ಲಿ ಚಹಾ ಕುಡಿಯಲು ನಿಂತರು. ದೊಡ್ಡಬಸಪ್ಪ ಪಕ್ಕದವರ ತಟ್ಟೆಯ ಒಗ್ಗರಣೆ ಮಂಡಾಳು, ಬಿಸಿ ಮಿರ್ಚಿಯ ಕಡೆ ಆಸೆಯಿಂದ ನೋಡುತ್ತ, ಸಕ್ಕರೆ ಇಲ್ಲದ ಚಹಾ ಹೀರುತ್ತ ಕೂತರು. ಸ್ಫೂರ್ತಿ ಅಪ್ಪನ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ಏನ್ ಮಾಡಾಕತ್ತಿ?"

"ಗಾಳಿ ನೋಡ್ತೀನಪ್ಪ" ಅಂದಳು.

ಏರು ಶುರುವಾಯಿತು. ಅದಿರಿನ ಕೆಂಪು ಧೂಳು, ಹಿಂದೆ ಮುಂದೆ ಲಾರಿ, ನೆತ್ತಿಯ ಮೇಲೆ ಬಿಸಿಲು. ಕ್ಲಬ್ಬಿನವರೆಲ್ಲ ಮುಂದೆ ಹೋದರು. ಹೊಂಗೆ ಮರ ಕಾಣಿಸಿತು. ಬಲಗಾಲಿಗೆ ಗುಡಿಯ ಗುರುತಿದ್ದಂತೆ ಈ ಮರದ ಗುರುತೂ ಇತ್ತು. ಎದೆಯಲ್ಲಿ ಕುಲುಮೆ ತಿದಿ ಒತ್ತಿದ ಹಾಗೆ ಆಗುತ್ತಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಸಾಕು ಎನ್ನಿಸಿತು ದೊಡ್ಡಬಸಪ್ಪನವರಿಗೆ. ಮಗಳಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಕಾಲು ಎಳೆದರು.

ಬರಲಿಲ್ಲ.

ತಿರುವಿದರು. ಬರಲಿಲ್ಲ. ಎಡಗಾಲು ನೋಡಿದರು. ಅದೂ ಇಲ್ಲ. ಹೊಂಗೆ ಮರ ನಿಧಾನಕ್ಕೆ ಪಕ್ಕಕ್ಕೆ ಬಂದು, ಹಿಂದಕ್ಕೆ ಹೋಯಿತು. ಅದರ ಆಚೆಯ ರಸ್ತೆಯನ್ನು ದೊಡ್ಡಬಸಪ್ಪ ಸೈಕಲ್ ಮೇಲಿಂದ ನೋಡಿದ್ದು ಅದೇ ಮೊದಲು.

"ಕನಕಾ! ಗಾಡಿ ತಾರೋ!" ಎಂದು ಕೂಗಿದರು.

ಬಾಳೆಹಣ್ಣಿನ ಆಟೋ ಗುಡುಗುಡು ಎನ್ನುತ್ತ ಪಕ್ಕಕ್ಕೆ ಬಂತು. ಕನಕರಾಜ್ ತಲೆ ಹೊರಗೆ ಹಾಕಿ, "ಇಳೀರಿ ಸಾವ್ಕಾರ್ರ, ಜಾಗ ಮಾಡೀನಿ" ಅಂದ.

"ಇಳಿಯಾಕ ಬರವಲ್ದಲೇ! ಕಾಲು ಬಿಡವಲ್ದು!"

"ಹಂಗಂದ್ರ ಹೆಂಗ್ರಿ? ಸಡಿಲ ಮಾಡಿದ್ನಲ್ಲ!"

"ನಿನ್ನ ಸಡಿಲಕ್ಕ ಬೆಂಕಿ ಹಚ್ಚ! ಯಪ್ಪಾ, ಯವ್ವಾ! ಸ್ಫೂರ್ತಿ, ನಿಲ್ಲಿಸ್ತೀನಿ ನಾನು!"

ಸ್ಫೂರ್ತಿ ಹಿಂದೆಯೇ ಇದ್ದಳು. "ನಿಂತ್ರ ಬೀಳ್ತಿ ಅಪ್ಪಾ."

"ಬಿದ್ರ ಬೀಳ್ತೀನಿ!"

"ಎಡಕ್ಕ ಮೋರಿ, ಬಲಕ್ಕ ಲಾರಿ. ಎಲ್ಲಿ ಬೀಳ್ತಿ ಹೇಳು" ಅಂದಳು ಮಗಳು. ಆಮೇಲೆ ದನಿ ಮೆತ್ತಗಾಯಿತು. "ಹಿಡಕಂಡೀನಿ ಅಪ್ಪಾ. ನೀ ತುಳಿ."

ಬೇರೆ ದಾರಿಯೇ ಇರಲಿಲ್ಲ. ದೊಡ್ಡಬಸಪ್ಪ ತುಳಿದರು. ತುಳಿಯುತ್ತ ತುಳಿಯುತ್ತ ಎಲ್ಲರನ್ನೂ ಬೈದರು. ಸೈಕಲ್ ಹೊಡೀರಿ ಎಂದ ಡಾಕ್ಟರನ್ನು ಬೈದರು, ಬೂಟು ಹೊಲಿದವನನ್ನು ಬೈದರು, ರೂಲ್ಸ್ ಮಾಡಿದ ಲಿಂಗರಾಜನ ಟೈಲ್ಸ್ ಎಲ್ಲ ಒಡೆದುಹೋಗಲಿ ಎಂದರು. ಅಷ್ಟು ಹೊತ್ತಿಗೆ ಲಿಂಗರಾಜ್ ರಸ್ತೆಯ ಪಕ್ಕ ಕಾಲು ಕೊಟ್ಟು ನೀರು ಕುಡಿಯುತ್ತ ನಿಂತಿದ್ದ. ತನ್ನ ಟೈಲ್ಸಿಗೆ ಬಂದ ಶಾಪವನ್ನು ಪೂರಾ ಕೇಳಿಸಿಕೊಂಡ. ಬೈಯುತ್ತಲೇ ತನ್ನನ್ನು ದಾಟಿ ಹೋದ ಹಳದಿ ಅಂಗಿಯನ್ನು ಬಾಯಿ ಬಿಟ್ಟು ನೋಡಿದ. ಬಾಟಲಿಯ ನೀರು ಎದೆಯ ಮೇಲೆ ಸುರಿಯುತ್ತಿತ್ತು.

ಬೈಗುಳ ಮುಗಿಯುವ ಹೊತ್ತಿಗೆ ಏರೂ ಮುಗಿದಿತ್ತು. ಹನುಮಪ್ಪನ ಗುಡಿ ಎದುರಿಗೇ ಇತ್ತು. ಮೊದಲೇ ಬಂದು ಕೂತಿದ್ದ ಕ್ಲಬ್ಬಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು, ಬಸಣ್ಣಾ ಬಸಣ್ಣಾ ಎಂದು ಕೂಗಿದರು. ಎಲ್ಲರೂ ಖುಷಿ. ಆದರೆ ದೊಡ್ಡಬಸಪ್ಪ ನಿಲ್ಲುವುದು ಹೇಗೆ? ಕಾಲು ಎರಡೂ ಕಟ್ಟಿವೆ. ಚಪ್ಪಾಳೆಯ ನಡುವೆಯೇ ಅವರು ಮುಂದೆ ಹೋದರು. ಗುಡಿಯ ಸುತ್ತ ಕಲ್ಲು ಹಾಸಿದ ಅಂಗಳ. ಒಂದು ಸುತ್ತು ಹಾಕಿದರು. ಎರಡು ಹಾಕಿದರು. ಪೂಜಾರಿ ಅಂಜಿನಯ್ಯ ಹೊರಗೆ ಬಂದು, ಕೈಮುಗಿದು, ಎಣಿಸಲು ಶುರುಮಾಡಿದ.

ಮೂರನೆಯ ಸುತ್ತಿಗೆ ಸ್ಫೂರ್ತಿ ಸೈಕಲ್ ಎಸೆದು ಓಡಿ ಬಂದು ಸೀಟನ್ನು ಎರಡೂ ಕೈಯಿಂದ ಹಿಡಿದಳು. ಸೈಕಲ್ ನಿಂತಿತು. ದೊಡ್ಡಬಸಪ್ಪ ಏದುಸಿರು ಬಿಡುತ್ತ ಕೂತರು. ಎದುರಿಗೆ ದೇವರು, ಕಾಲಲ್ಲಿ ಬೂಟು. ಬಲಗಾಲು ಮತ್ತೆ ಎಳೆಯತೊಡಗಿತು. ಪಾಪ, ಅದಕ್ಕೆ ಸೋಲುವುದು ಗೊತ್ತಿಲ್ಲ.

ಆಗ ಅವರಿಗೆ ಹೊಳೆಯಿತು. ಇಷ್ಟು ದಿನ ಬೂಟನ್ನು ಪೆಡಲಿನಿಂದ ಬಿಡಿಸಲು ಒದ್ದಾಡಿದ್ದೇ ಒದ್ದಾಡಿದ್ದು. ಚಪ್ಪಲಿಯನ್ನು ಯಾವತ್ತಾದರೂ ಪೆಡಲಿನಿಂದ ಬಿಡಿಸಿದ್ದರೇ? ಚಪ್ಪಲಿಯಿಂದ ಪಾದವನ್ನಷ್ಟೇ ತೆಗೆಯುತ್ತಿದ್ದರು. ಬಗ್ಗಿದರು, ಅಂಟುಪಟ್ಟಿ ಎರಡೂ ಚರ್ರೆಂದು ಎಳೆದರು, ಪಾದವನ್ನು ಮೇಲಕ್ಕೆತ್ತಿದರು. ಬರಿಗಾಲು ಹೊರಗೆ ಬಂತು. ಬೂಟು ಪೆಡಲಿನ ಮೇಲೇ ಕೂತಿತ್ತು. ಇನ್ನೊಂದನ್ನೂ ಹಾಗೇ ಬಿಟ್ಟು, ತಣ್ಣನೆಯ ಹಾಸುಗಲ್ಲಿನ ಮೇಲೆ ಎರಡೂ ಬರಿಗಾಲು ಊರಿ ನಿಂತು, ಬಲಗೈಯನ್ನು ಎದೆಗೊಂದು ಸಲ, ತುಟಿಗೊಂದು ಸಲ ಮುಟ್ಟಿಸಿದರು. ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡರು.

ಸ್ಫೂರ್ತಿ ಸೀಟು ಬಿಟ್ಟಿರಲಿಲ್ಲ. "ಅಪ್ಪಾ, ಬೈಬ್ಯಾಡ" ಎಂದು ಅಂಗಿಯ ಹಿಂದಿನ ಜೇಬಿನಿಂದ ಆರು ಮೂಲೆಯ ಪುಟ್ಟ ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟಳು. "ಯಶವಂತನಗರದಾಗ ಬಿಗಿ ಮಾಡಿದ್ದೆ. ಗಾಳಿ ನೋಡಲಿಲ್ಲ."

ದೊಡ್ಡಬಸಪ್ಪ ಕೀಲಿಯನ್ನು ನೋಡಿದರು, ಮಗಳನ್ನು ನೋಡಿದರು. "ಮತ್ತ ಹಿಡಕಂಡೀನಿ ಅಂದಿ?"

"ಹಿಡಕಂಡಿದ್ದಿಲ್ಲ."

"ಯಾವಾಗ ಬಿಟ್ಟಿ?"

"ಹಿಡಕಂಡಿದ್ರ ತಾನೇ ಬಿಡಾದು ಅಪ್ಪಾ" ಅಂದಳು ಸ್ಫೂರ್ತಿ.

ಎರಡು ದಿನ ಮಾತು ಬಿಡಬಹುದಿತ್ತು, ಹಕ್ಕಿತ್ತು. ಆದರೆ ದೊಡ್ಡಬಸಪ್ಪನವರಿಗೆ ಎರಡು ಕ್ಷಣವೂ ಬಿಡಲಾಗಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಅಂಜಿನಯ್ಯ ತೀರ್ಥ ಹಿಡಿದು ಬಂದ. "ಮೂರು ಸುತ್ತು ಆತು ನೋಡ್ರಿ, ಸೈಕಲ್ ಮ್ಯಾಲ! ಎಲ್ಲೂ ಕಂಡಿಲ್ಲ. ಏನ್ ಹರಕಿ ಸಾವ್ಕಾರ್ರ?"

ಈ ಸಲ ದೊಡ್ಡಬಸಪ್ಪ ಮಾತು ನುಂಗಲಿಲ್ಲ. "ಹರಕಿ ನನ್ನ ಮಗಳದು" ಅಂದರು. "ನಾ ಬರೇ ತೀರಿಸಾಕ ಬಂದೀನಿ."

ಕೆಳಗಿನಿಂದ ಲಿಂಗರಾಜ್ ಸೈಕಲ್ ತಳ್ಳಿಕೊಂಡು, ಬಾತುಕೋಳಿಯ ನಡಿಗೆಯಲ್ಲಿ ಟಕ ಟಕ ಎಂದು ಹತ್ತಿ ಬಂದ. ಯಾರೂ ರೂಲ್ಸ್ ಮಾತೆತ್ತಲಿಲ್ಲ. ಕನಕರಾಜ್ ಮಾತ್ರ ಮುತುವರ್ಜಿಯಿಂದ ಅವನ ಕೈಗೆ ಒಂದು ಬಾಳೆಹಣ್ಣು ಕೊಟ್ಟ.

ಇಳಿಯುವ ಹೊತ್ತಾಯಿತು. ದೊಡ್ಡಬಸಪ್ಪ ಪೆಡಲಿನ ಮೇಲೆ ಕೂತಿದ್ದ ಬೂಟುಗಳೊಳಗೆ ಒಂದೊಂದೇ ಕಾಲು ತೂರಿಸಿದರು. ಸ್ಫೂರ್ತಿ ಸೀಟು ಹಿಡಿದು ನಿಂತು, "ಕೀಲಿ ಕೊಡಪ್ಪ, ಸಡಿಲ ಮಾಡ್ತೀನಿ. ಹೋಗ್ತಾ ಹದಿನಾರು ಗುಡಿ ಅದಾವು" ಅಂದಳು.

ಅವರು ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಬ್ಯಾಡ, ಬಿಗಿನೇ ಇರ್ಲಿ. ಗುಡಿ ಬಂದ್ರ ಬೂಟಿನಾಗಿಂದ ಕಾಲು ತೆಗದ್ರಾತು. ನೀ ನನ್ನ ಹಿಂದ ಬಾ. ಹಿಡಿಯಾದು ಬ್ಯಾಡ, ಹಿಡಕಂಡೀನಿ ಅಂತ ಆಗಾಗ ಅಂತಿರು, ಸಾಕು" ಎಂದು ಅಂಟುಪಟ್ಟಿಗಳನ್ನು ಬಿಗಿದುಕೊಂಡರು.